ಸೂರ್ಯನ ಕಡೆಯ ಗಾಜು

ದುರ್ಬೀನು ಮಾರುವವನಿಗೆ ಧೈರ್ಯ ಇರಬಾರದು. ಇದು ನನ್ನ ಸ್ವಂತ ಮಾತು, ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಈಗ ಈ ಧಂದೆಗೆ ಬಂದಿರುವ ಹುಡುಗರು ಆಗಾಗ ನನ್ನ ಮನೆಗೆ ಬಂದು ಕುಳಿತು, ‘ಕಾಕಾ, ಗಿರಾಕಿ ಹೆಂಗ ಹಿಡೀಬೇಕು, ಸ್ವಲ್ಪ ಹೇಳ್ರಿ’ ಎಂದು ಕೇಳುತ್ತಾರೆ. ಗಿರಾಕಿ ಹಿಡಿಯುವುದು ನಾಲ್ಕು ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಯಾರಿಗಾದರೂ ಬರುತ್ತದೆ. ನಾನು ಹೇಳುವುದು ಹೆದರಿಕೆಯ ಸಂಗತಿ. ಕಣ್ಣಿಗೆ ಸಂಬಂಧಪಟ್ಟ ಸಾಮಾನು ಮಾರುವವನ ಎದೆ ಆಗಾಗ ಝಲ್ಲೆನ್ನಬೇಕು. ಅನ್ನದಿದ್ದರೆ ಅವನು ಬೆಂಡು ಬತ್ತಾಸು ಮಾರಿಕೊಂಡಿರಲಿ. ಅದರಿಂದ ಯಾರ ಕಣ್ಣೂ ಹೋಗುವುದಿಲ್ಲ.

ನಾನು ದುಡಿದದ್ದು ವಿಜಾಪುರದ ಒಂದು ಚಷ್ಮಾ ಅಂಗಡಿಯಲ್ಲಿ. ಚಷ್ಮಾದ ಜೊತೆಗೆ ಶಾಲೆಗಳಿಗೆ ಬೇಕಾದ ಭೂತಗನ್ನಡಿ, ಸೂಕ್ಷ್ಮದರ್ಶಕ, ಅಯಸ್ಕಾಂತ, ದುರ್ಬೀನು ಎಲ್ಲವನ್ನೂ ನಮ್ಮ ಸಾವಕಾರರು ಮಾರುತ್ತಿದ್ದರು. ಅಂಗಡಿಯಲ್ಲಿ ಕೂಡುವ ಕೆಲಸ ಅವರದು, ತಿರುಗುವ ಕೆಲಸ ನನ್ನದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಧೂಳು ತಿಂದು ನಾನು ಮುದುಕನಾದೆ. ಕೈಯಲ್ಲಿ ತಗಡಿನ ಟ್ರಂಕು, ಒಳಗೆ ಹಳೆಯ ಧೋತರದ ತುಂಡುಗಳಲ್ಲಿ ಸುತ್ತಿದ ಗಾಜಿನ ಸಾಮಾನು. ಬಸ್ಸಿನ ಮೇಲೆ ಹಾಕಲು ನಾನು ಎಂದೂ ಒಪ್ಪಲಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಳ್ಳುತ್ತಿದ್ದೆ. ‘ಅದರಾಗ ಏನ್ ಕೂಸು ಮಲಗಿಸೀರೇನ್ರಿ’ ಎಂದು ಕಂಡಕ್ಟರುಗಳು ಚೇಷ್ಟೆ ಮಾಡುತ್ತಿದ್ದರು. ದುರ್ಬೀನ್ ಈರಣ್ಣ ಎಂದೇ ನನ್ನ ಹೆಸರಾಯಿತು. ನನ್ನ ಮನೆತನದ ಹೆಸರು ಆ ಕಡೆ ಯಾರಿಗೂ ಗೊತ್ತಿಲ್ಲ.

ನನ್ನ ಹೆದರಿಕೆ ಶುರುವಾದದ್ದು ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ. ಧಂದೆಗೆ ಬಂದ ಹೊಸದು. ಒಬ್ಬ ದೊಡ್ಡ ಒಕ್ಕಲಿಗರ ಮನೆಯಲ್ಲಿ ಹೊಲ ಕಾಯಲು ದುರ್ಬೀನು ಬೇಕೆಂದು ಕರೆಸಿದ್ದರು. ನಾನು ದುರ್ಬೀನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೊಟ್ಟ ಚಹಾ ಕುಡಿಯುತ್ತ ಕುಳಿತೆ. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಒಳಗೆ ಬರುತ್ತಿತ್ತು. ಬಟ್ಟೆ ಸುಟ್ಟ ವಾಸನೆ ಬಂತು. ಒಲೆಯ ಕಡೆಯಿಂದ ಇರಬೇಕೆಂದು ಎಲ್ಲರೂ ಆ ಕಡೆ ನೋಡಿದರು. ನೋಡಿದರೆ ಕಿಟಕಿಯ ಕೆಳಗೆ ಮಡಿಸಿಟ್ಟ ಕೌದಿಯ ಕರಿಯ ತುಂಡಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ದುರ್ಬೀನಿನ ದೊಡ್ಡ ಬಾಯಿ ಸೂರ್ಯನ ಕಡೆ ಇತ್ತು, ನಾವು ಕಣ್ಣಿಡುವ ಸಣ್ಣ ಬಾಯಿ ಕೌದಿಯ ಕಡೆ ಇತ್ತು.

ಮನೆಯ ಅಜ್ಜಿ ನೀರು ಚೆಲ್ಲಿ ಆರಿಸಿ ನನ್ನನ್ನು ಮೇಲೆ ಕೆಳಗೆ ನೋಡಿದಳು.

‘ಯಪ್ಪಾ, ಪೆಟಗಿಯಾಗ ಬೆಂಕಿ ಇಟಗೊಂಡು ಊರೂರು ಅಡ್ಡಾಡತಿಯೇನೋ?’

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಾನು ದುರ್ಬೀನನ್ನು ಅಲ್ಲಿಂದ ತೆಗೆದು ಧೋತರದಲ್ಲಿ ಸುತ್ತಿದೆ. ಆ ಕೌದಿಯ ಜಾಗದಲ್ಲಿ ಯಾರದಾದರೂ ಕಣ್ಣು ಇದ್ದಿದ್ದರೆ ಎಂಬ ಯೋಚನೆ ಬಂದು ಹೊಟ್ಟೆಯೊಳಗಿನ ಚಹಾ ತಣ್ಣಗಾಯಿತು. ಕೌದಿಗೆ ಹೊಗೆಯಾದರೂ ಬರುತ್ತದೆ. ಕಣ್ಣು ಸುಟ್ಟರೆ ಹೊಗೆ ಇಲ್ಲ, ವಾಸನೆ ಇಲ್ಲ, ಉರಿಯೂ ಇಲ್ಲ. ಕಣ್ಣಿನ ಒಳಪರದೆಗೆ ನೋವು ಗೊತ್ತಾಗುವುದಿಲ್ಲ ಎಂದು ಮುಂದೆ ಒಬ್ಬ ಡಾಕ್ಟರು ನನಗೆ ಹೇಳಿದರು. ಅವರು ಹೇಳಿದಂದಿನಿಂದ ನನ್ನ ಹೆದರಿಕೆ ಇಮ್ಮಡಿಯಾಯಿತು. ಚೀರದೆ ಸಾಯುವ ಅಂಗ ಅದು.

ಈಗ ಸಾವಕಾರರ ಮಾತು. ಅವರು ಕೆಟ್ಟವರಲ್ಲ, ಅವಸರದವರು. ಉದ್ದ ಮಾತು ಅವರಿಗೆ ಆಗದು. ಗಿರಾಕಿ ತನ್ನ ಕಥೆ ಶುರು ಮಾಡಿದರೆ ಅವನ ಮೂಗಿನ ಮೇಲೆ ಚಷ್ಮಾ ಏರಿಸಿ ‘ಕಾಣತೈತಿ? ಮುಗೀತು’ ಎನ್ನುತ್ತಿದ್ದರು. ಒಂದು ಸಲ ಮುಂಬಯಿಯಿಂದ ಸಣ್ಣ ದುರ್ಬೀನುಗಳ ಒಂದು ಪೆಟ್ಟಿಗೆ ತರಿಸಿದರು. ಪ್ರತಿಯೊಂದರ ಜೊತೆ, ಅದರ ಎರಡು ಕೊಳವೆಗೆಂದು, ಎರಡು ಕರಿಯ ಗಾಜಿನ ಬಿಲ್ಲೆ. ಕಣ್ಣಿಡುವ ಕಡೆ ಅವನ್ನು ತಿರುಗಿಸಿ ಕೂಡಿಸಿದರೆ ಸೂರ್ಯನನ್ನೇ ನೋಡಬಹುದಂತೆ. ಸಾವಕಾರರಿಗೆ ಹಿಗ್ಗೋ ಹಿಗ್ಗು. ನಾನು ಏನೂ ಹೇಳದೆ ಒಂದನ್ನು ಮಾಳಿಗೆಯ ಮೇಲೆ ಒಯ್ದು, ಬಿಲ್ಲೆ ಹಾಕಿ, ಸೂರ್ಯನ ಕಡೆ ತಿರುಗಿಸಿ, ಕಣ್ಣಿನ ಜಾಗದಲ್ಲಿ ಕಾಗದ ಹಿಡಿದೆ. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ, ಟಕ್ ಎಂದು ಬಿಲ್ಲೆ ಸೀಳಿತು. ಕಾಗದದ ಮೇಲೆ ಬೆಳಕಿನ ಗೆರೆ ಬಿದ್ದು ಕೆಂಪಗಾಯಿತು. ನಾನು ದುರ್ಬೀನು ಬಿಟ್ಟು ಹಿಂದೆ ಸರಿದೆ, ಹಾವು ಕಂಡವನ ಹಾಗೆ.

ಕೆಳಗೆ ಬಂದು ತೋರಿಸಿದರೆ ಸಾವಕಾರರು, ‘ಒಂದು ಸೀಳತಂದ್ರ ಎಲ್ಲಾ ಸೀಳತಾವೇನೋ?’ ಎಂದರು.

‘ಒಂದು ಕಣ್ಣು ಹೋದ್ರ ಸಾಕಲ್ರಿ ಸಾವಕಾರ್ರ. ಯಾರದು ಹೋಗಬೇಕು ನೀವ ಹೇಳ್ರಿ.’

ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಿಲ್ಲೆಗಳನ್ನೆಲ್ಲ ತಾವೇ ಹಿತ್ತಲ ಹಾಳುಬಾವಿಗೆ ಚೆಲ್ಲಿ ಬಂದರು. ಆದರೆ ‘ಸೂರ್ಯನ ನೋಡೂ ದುರ್ಬೀನು’ ಎಂಬ ಮಾತು ಅವರ ತಲೆಯಿಂದ ಹೋಗಲಿಲ್ಲ. ಆಗ ನಾನೇ ಒಂದು ದಾರಿ ಹುಡುಕಿದೆ. ವೆಲ್ಡಿಂಗ್ ಮಾಡುವವರು ಮುಖಕ್ಕೆ ಹಿಡಿಯುವ ಗಾಜಿನಲ್ಲಿ ಎಲ್ಲಕ್ಕಿಂತ ಕಪ್ಪಾದದ್ದನ್ನು ಕತ್ತರಿಸಿ, ತಗಡಿನ ಬಳೆಯಲ್ಲಿ ಕೂಡಿಸಿ, ದುರ್ಬೀನಿನ ದೊಡ್ಡ ಬಾಯಿಗೆ, ಅಂದರೆ ಸೂರ್ಯನ ಕಡೆ ಇರುವ ಬಾಯಿಗೆ, ಬಿಗಿಯಾಗಿ ಹಾಕುವುದು. ಬೆಳಕು ಒಳಗೆ ಹೋಗುವ ಮೊದಲೇ ಸಾಯಬೇಕು. ಒಳಗೆ ಹೋಗಿ, ಕೂಡಿ, ಬೆಂಕಿಯಾಗಿ ಈಚೆ ಬಂದ ಮೇಲೆ ಅದಕ್ಕೆ ಯಾವ ಗಾಜು ಅಡ್ಡ ಹಿಡಿದರೂ ಅಷ್ಟೇ. ಊರ ಅಗಸಿ ಬಾಗಿಲಲ್ಲೇ ತಡೆಯಬೇಕಾದ ಕಳ್ಳನನ್ನು ದೇವರ ಮನೆಯ ಬಾಗಿಲಲ್ಲಿ ತಡೆಯಲು ನಿಂತರೆ ಆಗುತ್ತದೆಯೇ?

ದುರ್ಬೀನು ಆರಿಸುವುದರಲ್ಲೂ ಜನ ಮೋಸ ಹೋಗುತ್ತಾರೆ. ಅದರ ಮೇಲೆ ಎರಡು ಅಂಕಿ ಕೊರೆದಿರುತ್ತಾರೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ತರುತ್ತದೆ ಎಂದು, ಎರಡನೆಯದು ಬಾಯಿ ಎಷ್ಟು ಅಗಲ ಎಂದು. ರಾತ್ರಿ ಆಕಾಶದ ಚಿಕ್ಕೆ ನೋಡಲು ಅಗಲ ಬಾಯಿ ಒಳ್ಳೆಯದು, ಕತ್ತಲಲ್ಲಿ ಎಷ್ಟು ಬೆಳಕು ನುಂಗಿದರೂ ಕಡಿಮೆಯೇ. ಸೂರ್ಯನಿಗೆ ತಿರುವುಮುರುವು. ಅಲ್ಲಿ ಬೆಳಕಿನ ಬರಗಾಲ ಇಲ್ಲ. ಬಾಯಿ ಸಣ್ಣದಿದ್ದಷ್ಟೂ ಒಳ್ಳೆಯದು. ಎಂಟು ಮೂವತ್ತು ಸಾಕು. ಏಳು ಐವತ್ತು ಕೊಟ್ಟರೆ ಒಳಗಿನ ಗಾಜು ಕೂಡಿಸಿದ ಅಂಟೇ ಕಾಯ್ದು ಹೋಗುತ್ತದೆ. ಆದರೆ ನಮ್ಮ ಮಂದಿ ದೊಡ್ಡದನ್ನೇ ಕೇಳುತ್ತಾರೆ. ಎತ್ತು ಕೊಳ್ಳುವಾಗಿನ ಬುದ್ಧಿಯನ್ನೇ ಇಲ್ಲೂ ಓಡಿಸುತ್ತಾರೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸ್ಕೈಲ್ಯಾಬಿನ ಗದ್ದಲ ಬಂತು. ಅಮೆರಿಕದವರು ಆಕಾಶಕ್ಕೆ ಬಿಟ್ಟ ಮನೆಯಂಥ ಯಂತ್ರ ಕೆಳಗೆ ಬೀಳುತ್ತಿದೆ, ಎಲ್ಲಿ ಬೀಳುತ್ತದೋ ಗೊತ್ತಿಲ್ಲ ಎಂದು ರೇಡಿಯೋದವರು ಹೇಳಿದ್ದೇ ತಡ, ನಾಲ್ಕೂ ತಾಲೂಕಿನ ಜನ ತಲೆ ಎತ್ತಿ ನಡೆಯತೊಡಗಿದರು. ತಮ್ಮ ಓಣಿಯ ಮೇಲೆಯೇ ಬೀಳುತ್ತದೆ ಎಂದು ಪ್ರತಿ ಊರಿನವರಿಗೂ ಖಾತ್ರಿ. ಇಂಡಿಯಲ್ಲಿ ನಿಂಬೆ ತೋಟದ ಗೌಡರೊಬ್ಬರು ದುರ್ಬೀನು ಬೇಕೆಂದು ಹೇಳಿ ಕಳಿಸಿದರು.

‘ಅದು ನನ್ನ ತ್ವಾಟದ ಮ್ಯಾಲ ಬೀಳೂದಿದ್ರ ಮೊದಲ ಗೊತ್ತಾಗಬೇಕಲ್ಲ?’

‘ಗೊತ್ತಾಗಿ ಏನ್ ಮಾಡತೀರ್ರಿ ಗೌಡ್ರ?’

‘ಆಳು ಕಳಿಸಿ ಕಾಯಿ ಕೀಳಸತೇನಿ.’

ಹೀಗೆ ಹೇಳುತ್ತಲೇ ಗೌಡರು ದುರ್ಬೀನನ್ನು ಕಣ್ಣಿಗಿಟ್ಟು ಆಕಾಶದಲ್ಲೆಲ್ಲ ಆಡಿಸತೊಡಗಿದರು. ನೆತ್ತಿಯ ಮೇಲೆ ಸೂರ್ಯ. ನಾನು ಹಾರಿ ಹೋಗಿ ಅದರ ಬಾಯಿಗೆ ಕೈ ಅಡ್ಡ ಇಟ್ಟೆ. ‘ಮೈ ಮ್ಯಾಲ ಖಬರ ಐತೇನೋ ನಿನಗ?’ ಎಂದು ಅವರು ಗದರಿದರು. ನಾನು ಬೈಸಿಕೊಂಡೆ. ಬೈಗಳು ತಿಂದವನ ಕಣ್ಣು ಹೋಗುವುದಿಲ್ಲ.

ತಂಗಡಗಿಯ ಸಂಗಪ್ಪ ಮಾಸ್ತರರ ಸುದ್ದಿ ಇದೇ ದಿನಗಳದು. ಕೃಷ್ಣೆಯ ದಂಡೆಯ ಆ ಊರು ಮುದ್ದೇಬಿಹಾಳ ತಾಲೂಕಿನಲ್ಲಿದೆ. ಶಾಲೆಗೆ ಎಂದು ಮಾಸ್ತರರು ನನ್ನ ಕೈಯಿಂದಲೇ ಒಂದು ಎಂಟು ಮೂವತ್ತು ದುರ್ಬೀನು ಕೊಂಡಿದ್ದರು. ತೆಳ್ಳಗಿನ, ಎತ್ತರದ ಮನುಷ್ಯ. ಹುಡುಗರಿಗೆ ಹೊಡೆಯುತ್ತಿರಲಿಲ್ಲ, ಆ ಕಾಲಕ್ಕೆ ಅದೇ ದೊಡ್ಡ ಸುದ್ದಿ. ಸ್ಕೈಲ್ಯಾಬಿಗೆ ಹೆದರಿ ಮಕ್ಕಳು ಅಂಗಳಕ್ಕೆ ಬರಲು ಒಲ್ಲೆನ್ನುತ್ತಿದ್ದಾರೆ ಎಂದು ಅವರಿಗೆ ಚಿಂತೆ. ಅಂಗಡಿಗೆ ಬಂದಾಗ ನನಗೆ ಹೇಳಿದರು:

‘ಈರಣ್ಣಾರ, ಪೇಪರದಾಗ ಓದೇನಿ. ಈ ವರ್ಷ ಸೂರ್ಯಾನ ಮ್ಯಾಲ ಕಲಿ, ಅಂದ್ರ ಕರಿ ಚುಕ್ಕಿ, ಬಾಳ ಆಗ್ಯಾವಂತ. ಸೂರ್ಯಾನ ಆರ್ಭಟ ಹೆಚ್ಚಾಗಿ ಮ್ಯಾಲಿನ ಗಾಳಿ ಉಬ್ಬೇತಿ, ಅದಕ್ಕ ಆ ಯಂತ್ರ ಜಗ್ಗಿ ಕೆಳಗ ಬರಾಕತ್ತೈತಿ. ಆ ಕಲಿ ಒಮ್ಮೆ ಕಣ್ಣಾರೆ ತೋರಿಸಿದ್ರ ಹುಡುಗರ ಅಂಜಿಕಿ ಹೋಗತೈತಿ. ದುರ್ಬೀನಕ್ಕ ನಿಮ್ಮ ಕರಿ ಗಾಜು ಬೇಕ್ರಿ.’

ಗಾಜು ಮಾಡಿಸುತ್ತೇನೆ, ನಾನೇ ಬಂದು ಹಾಕಿ ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಬಳೆಗಳು ತಯಾರಾದವು. ಹೊರಡುವ ದಿನ ಸಾವಕಾರರು ಅಡ್ಡ ಬಂದರು. ಸ್ಕೈಲ್ಯಾಬ್ ಬೀಳುವುದರೊಳಗೆ ಇಂಡಿ ಸಿಂದಗಿ ಕಡೆ ಇದ್ದಬದ್ದ ದುರ್ಬೀನು ಮಾರಿ ಬರಬೇಕು, ಬಿದ್ದ ಮೇಲೆ ಯಾರು ಕೇಳುತ್ತಾರೆ ಎಂದು ಅವರ ವಾದ. ತಂಗಡಗಿಯ ಗಾಜನ್ನು ಬಸ್ಸಿನಲ್ಲಿ ಕಳಿಸಿದರಾಯಿತು. ಆಗ ನಮ್ಮ ಕಡೆ ಅದೇ ರೂಢಿ. ಬುತ್ತಿಯಿಂದ ಬೀಗರ ಸುದ್ದಿಯವರೆಗೆ ಎಲ್ಲವೂ ಕಂಡಕ್ಟರ ಕೈಯಲ್ಲೇ ಹೋಗುತ್ತಿತ್ತು. ಸಾಮಾನು ಕೈಗೆ, ಮಾತು ಬಾಯಿಗೆ.

‘ಸೂರ್ಯಾನ ಕಡಿ ಹಾಕಬೇಕು ಅಂತ ಹೇಳಿ ಕಳಸ್ರಿ ಸಾವಕಾರ್ರ, ಮರೀಬ್ಯಾಡ್ರಿ’ ಎಂದು ನಾನು ಮತ್ತೆ ಮತ್ತೆ ಹೇಳಿದೆ.

‘ಹೇಳತೇನಿ ಹೋಗೋ ಮಾರಾಯಾ, ನೀ ಏನ್ ನನಗ ಸಾಲಿ ಕಲಸತಿ?’

ನಾನು ಇಂಡಿ ಮುಗಿಸಿ, ಸಿಂದಗಿ ಮುಗಿಸಿ, ಒಂದು ಬೆಳಿಗ್ಗೆ ಬಸವನ ಬಾಗೇವಾಡಿಗೆ ಬಂದು ಇಳಿದೆ. ಆಕಾಶದ ತುಂಬ ಮೋಡ, ಮಳೆ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳ ಗಾಡಿಯ ಕಂಡಕ್ಟರ್ ಲಗಮಣ್ಣ ಚಹಾ ಕುಡಿಯುತ್ತ ನಿಂತಿದ್ದ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು. ಒಪ್ಪಿಸಿದ ಕೆಲಸ ಮಾಡಿ ಮುಗಿಸಿದವನ ಹೆಮ್ಮೆ.

‘ಈರಣ್ಣಾ, ನಿನ್ನ ಗಾಜು ಮುಟ್ಟಿಸೇನಿ ನೋಡಪಾ. ಮಾಸ್ತರ್ರು ಮುದ್ದೇಬಿಹಾಳ ಸ್ಟ್ಯಾಂಡಿನ್ಯಾಗ ಬಂದು ನಿಂತಿದ್ರು, ಅವರ ಕೈಯಾಗ ಕೊಟ್ಟೇನಿ. ಒಂದೂ ಸೀಳಿಲ್ಲ.’

‘ಬೇಷ್ ಮಾಡಿದಿ. ಹೆಂಗ ಹಾಕಬೇಕಂತ ಹೇಳಿದ್ಯೋ ಇಲ್ಲೋ?’

‘ಹೇಳದಽ ಬಿಡತೇನೇನು? ಸಾವಕಾರ್ರು ಅಂದ್ರು, ಗಾಜು ಮುಂದ ಹಾಕಬೇಕಂತ ಹೇಳು. ನಾ ಹಂಗ ಹೇಳಿದೆ. ಮಾಸ್ತರ್ರು ಕೇಳಿದ್ರು, ಯಾವುದರ ಮುಂದೋ ಲಗಮಣ್ಣಾ? ನಾ ಅಂದೆ, ಚಷ್ಮಾ ಅಂಗಡಿ ಗಾಜರೀ, ಮತ್ಯಾವುದರ ಮುಂದ ಹಾಕತಾರ, ಕಣ್ಣಿನ ಮುಂದ!’

ಹೇಳಿ ಅವನು ನಕ್ಕ. ಎಂಟು ಮೂವತ್ತು ದುರ್ಬೀನಿನಲ್ಲಿ ಸೂರ್ಯನ ಕಡೆಯ ಬಾಯಿಯೂ ಕಣ್ಣಿನ ಕಡೆಯ ಬಾಯಿಯೂ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಅಳತೆ. ಬಳೆ ಆ ಕಡೆಯೂ ಕೂಡುತ್ತದೆ, ಈ ಕಡೆಯೂ ಕೂಡುತ್ತದೆ. ಮಾಳಿಗೆಯ ಮೇಲೆ ಸೀಳಿದ ಬಿಲ್ಲೆಯ ಸಪ್ಪಳ ನನ್ನ ಕಿವಿಯಲ್ಲೇ ಆದ ಹಾಗಾಯಿತು.

‘ಯಾವಾಗ ತೋರಸತಾರಂತ ಹುಡುಗರಿಗೆ?’

‘ಇವತ್ತ ಅಂದಾರಪಾ. ಹುಡುಗರನ್ನೆಲ್ಲ ಪಾಳಿ ಹಚ್ಚಿ ನಿಲ್ಲಸತಾರಂತ. ಮೋಡ ಹರೀತಂದ್ರ ಸಾಕು ಅಂತ ಕಾಯಾಕತ್ತಾರ.’

ತಂಗಡಗಿಯಲ್ಲಿ ಫೋನು ಇಲ್ಲ. ಮುದ್ದೇಬಿಹಾಳಕ್ಕೆ ಫೋನು ಹಚ್ಚಿದರೆ ಲೈನು ಸಿಗುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಲಗಮಣ್ಣನಿಗೆ ವಿಷಯ ಹೇಳಿದೆ. ಅವನ ಮುಖ ಕರಿಯಾಯಿತು, ಚಹಾ ಅಲ್ಲೇ ಬಿಟ್ಟ. ಹೊತ್ತಿಗಿಂತ ಮೊದಲೇ ಸೀಟಿ ಊದಿ ಗಾಡಿ ಬಿಡಿಸಿದ. ಪಾಪ, ದಾರಿಯುದ್ದಕ್ಕೂ ‘ನಾ ಏನ್ ತಪ್ಪ ಹೇಳಿದ್ನೋ ಈರಣ್ಣಾ’ ಎಂದು ಕೇಳುತ್ತಲೇ ಇದ್ದ. ಅವನು ತಪ್ಪು ಹೇಳಿರಲಿಲ್ಲ. ಮುಂದೆ ಎಂದರೆ ಸಾವಕಾರರಿಗೆ ದುರ್ಬೀನಿನ ಮುಂದೆ, ಅವನಿಗೆ ಕಣ್ಣಿನ ಮುಂದೆ. ಕನ್ನಡದಲ್ಲಿ ಎರಡೂ ಸರಿ.

ಆ ಪ್ರಯಾಣದ ಹೆದರಿಕೆಯನ್ನು ಹೇಗೆ ಬರೆಯಲಿ? ನಾನು ಹುಟ್ಟಿದಂದಿನಿಂದ ನಮ್ಮ ನಾಡಿನಲ್ಲಿ ಮೋಡ ಬೇಡಿದ್ದು ಮಳೆಗಾಗಿ. ಆ ದಿನ ನಾನು ಮೋಡ ಬೇಡಿದ್ದು ಬರೀ ನೆರಳಿಗಾಗಿ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡುತ್ತ ಕುಳಿತಿದ್ದೆ. ಬೆಳ್ಳಗಿನ ಜಾಗ ಕಂಡರೆ ಮುಂದಿನ ಮೋಡ ಎಷ್ಟು ದೂರವಿದೆ ಎಂದು ಹುಡುಕುತ್ತಿದ್ದೆ, ಕರಿಯ ಮೋಡ ಬಂದು ಮುಚ್ಚಿದರೆ ಉಸಿರು ಬರುತ್ತಿತ್ತು. ಪಕ್ಕದಲ್ಲಿ ಬೀಜದ ಚೀಲ ಇಟ್ಟುಕೊಂಡು ಕುಳಿತಿದ್ದ ರೈತ ನನ್ನನ್ನೇ ನೋಡುತ್ತಿದ್ದ.

‘ಎಷ್ಟು ಕೂರಿಗಿ ಹೊಲ ಐತ್ರಿ ನಿಮ್ಮದು?’

‘ಹೊಲ ಇಲ್ಲ.’

‘ಮತ್ಯಾಕ ಇಷ್ಟ ಮೋಡಕ್ಕ ಕೈ ಮುಗಿಯಾಕತ್ತೀರಿ?’

ನಾನು ಕೈ ಮುಗಿದು ಕುಳಿತದ್ದು ನನಗೇ ಗೊತ್ತಿರಲಿಲ್ಲ.

ಮುದ್ದೇಬಿಹಾಳ ಇನ್ನೂ ದೂರ ಇರುವಾಗ ಕುರಿಯ ಹಿಂಡು ಅಡ್ಡ ಬಂತು. ಹಿಂಡೆಂದರೆ ಹಿಂಡು, ಮುಗಿಯುವ ಲಕ್ಷಣವೇ ಇಲ್ಲ. ಲಗಮಣ್ಣ ಇಳಿದು ಕುರಿಗಾರನ ಮೇಲೆ ಹರಿಹಾಯ್ದ. ‘ಲಗೂ ಹೊಡಿಯೋ ಮಾರಾಯಾ, ಸಾಲಿ ಹುಡುಗರ ಕಣ್ಣಿನ ಪ್ರಶ್ನೆ ಐತಿ!’ ಕುರಿಗಾರನಿಗೆ ಏನು ತಿಳಿಯಿತೋ, ಹುಡುಗರು ಎಂಬ ಮಾತು ಕೇಳಿದ್ದೇ ಕೋಲು ಬೀಸಿ, ಸಿಳ್ಳೆ ಹಾಕಿ, ಅಷ್ಟೂ ಕುರಿಗಳನ್ನು ಹೊಲದೊಳಗೆ ಇಳಿಸಿಬಿಟ್ಟ. ಯಾರ ಹೊಲವೋ, ಅವನು ಆಮೇಲೆ ಏನು ಅನ್ನಿಸಿಕೊಂಡನೋ ತಿಳಿಯದು.

ಮುದ್ದೇಬಿಹಾಳದಿಂದ ತಂಗಡಗಿಗೆ ಆ ಹೊತ್ತಿಗೆ ಗಾಡಿ ಇರಲಿಲ್ಲ. ಬಾಡಿಗೆ ಸೈಕಲ್ಲು ಹಿಡಿದೆ. ಜೀವಮಾನದಲ್ಲಿ ಮೊದಲ ಸಲ ಟ್ರಂಕನ್ನು ಬೇರೆಯವರ ಕೈಯಲ್ಲಿ, ಸೈಕಲ್ ಅಂಗಡಿಯವನ ಕೈಯಲ್ಲಿ, ಬಿಟ್ಟು ಹೊರಟೆ. ಎದುರುಗಾಳಿ. ತುಳಿಯುತ್ತೇನೆ, ಸೈಕಲ್ಲು ಮುಂದೆ ಹೋಗಲೊಲ್ಲದು. ಅರ್ಧ ದಾರಿ ಬಂದಿರಬೇಕು, ರಸ್ತೆಯ ಮೇಲೆ ನನ್ನ ಪಕ್ಕದಲ್ಲಿ ಏನೋ ಓಡಿ ಬಂದ ಹಾಗೆ ಕಂಡಿತು. ಬೆಚ್ಚಿ ನೋಡಿದೆ. ನನ್ನದೇ ನೆರಳು. ಮೊದಲು ಮಸುಕಾಗಿ, ಆಮೇಲೆ ಸ್ಪಷ್ಟವಾಗಿ, ಗಾಲಿಯ ಕಡ್ಡಿಗಳು ಕೂಡ ಎಣಿಸುವಂತೆ. ಬಿಸಿಲು ಬಿದ್ದಿತ್ತು. ನನ್ನ ನೆರಳನ್ನು ಕಂಡು ಅಷ್ಟು ಹೆದರಿದ್ದು ಅದೇ ಮೊದಲು, ಅದೇ ಕೊನೆ. ಬೆನ್ನು ಬಿಸಿಯಾದಷ್ಟೂ ಮೈ ತಣ್ಣಗಾಗುತ್ತಿತ್ತು. ತಂಗಡಗಿಯಲ್ಲೂ ಇದೇ ಬಿಸಿಲು ಬಿದ್ದಿರುತ್ತದೆ, ಅಲ್ಲಿ ಪಾಳಿ ಹಚ್ಚಿ ನಿಂತಿದ್ದಾರೆ ಎಂಬುದೊಂದೇ ತಲೆಯಲ್ಲಿ. ಎಷ್ಟು ಮಕ್ಕಳು ನೋಡಿರಬಹುದು? ಮೊದಲು ಸಣ್ಣವರನ್ನು ನಿಲ್ಲಿಸುತ್ತಾರೋ ದೊಡ್ಡವರನ್ನೋ? ನಾನು ಅಳುತ್ತ ಸೈಕಲ್ಲು ತುಳಿದೆ, ಅದನ್ನು ಹೇಳಲು ನನಗೆ ನಾಚಿಕೆ ಇಲ್ಲ.

ಶಾಲೆಯ ಅಂಗಳಕ್ಕೆ ಬಂದಾಗ ಮಕ್ಕಳು ಪಾಳಿಯಲ್ಲೇ ನಿಂತಿದ್ದರು. ಮೊದಲಿಗೆ ಎರಡು ಜಡೆಯ ಸಣ್ಣ ಹುಡುಗಿ. ಮಾಸ್ತರರು ದುರ್ಬೀನನ್ನು ಕೈಯಲ್ಲಿ ಹಿಡಿದು, ಕಟ್ಟೆಯ ಮೇಲೆ ಕುಳಿತು, ಬಲಗಣ್ಣು ಉಜ್ಜಿಕೊಳ್ಳುತ್ತಿದ್ದರು. ನಾನು ಸೈಕಲ್ಲನ್ನು ಕೆಡವಿ ಓಡಿ ಹೋಗಿ ದುರ್ಬೀನು ಕಸಿದುಕೊಂಡೆ. ಬಳೆಗಳು ಕಣ್ಣಿನ ಕಡೆ ಇದ್ದವು. ಬಲಗಡೆಯ ಗಾಜಿನಲ್ಲಿ ಮೇಲಿನಿಂದ ಕೆಳಗೆ ಒಂದು ಸೀಳು.

‘ಯಾರ್ಯಾರು ನೋಡ್ಯಾರ್ರಿ? ಮಾಸ್ತರ, ಯಾರ್ಯಾರು ನೋಡ್ಯಾರ?’

‘ಯಾರೂ ನೋಡಿಲ್ರಿ. ಹುಡುಗರ ಕೈಯಾಗ ಕೊಡೂಕಿಂತ ಮೊದಲ ನಾ ನೋಡಬೇಕಲ್ರಿ? ನೋಡಾಕತ್ತಿದ್ದೆ, ಕಲಿ ಚಂದ ಕಾಣಾಕತ್ತಿದ್ದು. ಟಕ್ ಅಂತು, ಬೆಳಕು ಹೊಡೀತು, ತಗದೆ. ಏನೂ ನೋವಿಲ್ಲ. ಯಾಕ್ರಿ ಹಿಂಗ ಕಸಗೊಂಡ್ರಿ?’

ಮಕ್ಕಳು ಉಳಿದಿದ್ದರು. ನಾನು ಅಲ್ಲೇ ನೆಲಕ್ಕೆ ಕುಳಿತೆ. ಸಮಾಧಾನ ಬಂದ ಬೆನ್ನಿಗೆ ಇನ್ನೊಂದು ಹೆದರಿಕೆ ಬಂತು. ನೋವಿಲ್ಲ ಎಂದರಲ್ಲ, ಆ ಮಾತೇ ನನ್ನನ್ನು ಕೊಂದಿತು. ಎದ್ದು ಅವರನ್ನು ಗೋಡೆಯ ನೆರಳಿಗೆ ಕರೆದೊಯ್ದು, ಎರಡು ಮೂರು ಹೆಜ್ಜೆ ದೂರ ನಿಂತು ಹೇಳಿದೆ:

‘ಎಡಗಣ್ಣು ಮುಚ್ಚರಿ. ಬಲಗಣ್ಣಿಲೆ ನನ್ನ ಮಾರಿ ನೋಡ್ರಿ.’

ಅವರು ನೋಡಿದರು. ಮುಖ ಅತ್ತ ಇತ್ತ ತಿರುಗಿಸಿ ನೋಡಿದರು. ಮತ್ತೆ ನೆಟ್ಟಗೆ ನೋಡಿದರು.

‘ನಿಮ್ಮ ಟೊಪಗಿ ಕಾಣತೈತಿ. ಎರಡೂ ಕಿವಿ ಕಾಣತಾವ’ ಎಂದರು, ನಿಧಾನವಾಗಿ. ‘ನಡುವ ನೀವ ಇಲ್ಲಲ್ರಿ ಈರಣ್ಣಾರ.’

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮರುದಿನವೇ ಅವರನ್ನು ವಿಜಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ದೀಪ ಹಿಡಿದು ನೋಡಿ, ಸುಟ್ಟ ಜಾಗಕ್ಕೆ ಔಷಧ ಇಲ್ಲ, ಕಾದು ನೋಡೋಣ ಎಂದರು. ಕಾದೆವು. ಅಂಚು ಸ್ವಲ್ಪ ತಿಳಿಯಾಯಿತು, ನಡು ತಿಳಿಯಾಗಲಿಲ್ಲ. ಸಾವಕಾರರು ಮಾಸ್ತರರ ಮುಂದೆ ನಿಂತು ತಮ್ಮ ತಲೆಯ ಪಟಕ ಬಿಚ್ಚಿ ಕಣ್ಣೊರೆಸಿಕೊಂಡರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಸೂರ್ಯನನ್ನು ನೋಡುವ ಗಾಜು ಮಾರುವುದು ನಿಂತಿತು. ನಾನು ಈ ಧಂದೆಯ ಮಾತಿನಲ್ಲಿ ಮುಂದೆ, ಹಿಂದೆ ಎಂಬ ಎರಡು ಶಬ್ದ ಬಿಟ್ಟೆ. ಸೂರ್ಯನ ಕಡೆ, ಕಣ್ಣಿನ ಕಡೆ, ಹೀಗೇ ಹೇಳುತ್ತೇನೆ. ಈ ಧಂದೆಗೆ ಬಂದ ಹುಡುಗರೇ, ನೀವೂ ಹೀಗೇ ಹೇಳಿರಿ. ಈಗ ಕರಿಯ ಗಾಜಿನ ಬದಲು ಸೂರ್ಯನಿಗೆಂದೇ ಮಾಡಿದ ಒಳ್ಳೆಯ ಪರದೆಗಳು ಬಂದಿವೆಯಂತೆ, ಬರಲಿ. ಅವನ್ನೂ ಸೂರ್ಯನ ಕಡೆಯೇ ಹಾಕಬೇಕು, ಕೂದಲೆಳೆಯಷ್ಟು ಗೀರು ಇದ್ದರೂ ಎಸೆಯಬೇಕು. ಮತ್ತು ಗಿರಾಕಿ ಬಂದು ಸೂರ್ಯನ ನೋಡಲು ಯಾವ ದುರ್ಬೀನು ಒಳ್ಳೆಯದು ಎಂದು ಕೇಳಿದರೆ, ಕಣ್ಣಿಡದೆ ನೋಡುವ ದುರ್ಬೀನು ಒಳ್ಳೆಯದು ಎನ್ನಿರಿ. ಸಣ್ಣ ಬಾಯಿಯದು, ಎರಡು ಕೊಳವೆಗಳಲ್ಲಿ ಒಂದರ ಬಾಯಿಗೆ ಮುಚ್ಚಳ, ಇನ್ನೊಂದರಿಂದ ಬಿಳಿಯ ಹಾಳೆಯ ಮೇಲೆ ಬಿಂಬ ಬೀಳಿಸುವುದು. ಸೂರ್ಯನಿಗೆ ಬೆನ್ನು ಮಾಡಿ ಸೂರ್ಯನನ್ನು ನೋಡುವುದು.

ಇದನ್ನು ನಾನು ಮೊದಲ ಸಲ ಮಾಡಿ ತೋರಿಸಿದ್ದು ಅದೇ ಅಂಗಳದಲ್ಲಿ, ಅದೇ ದಿನ. ನನಗೆ ಮನಸ್ಸಿರಲಿಲ್ಲ. ಮಕ್ಕಳನ್ನು ಮನೆಗೆ ಕಳಿಸಿ ನಡೆಯಿರಿ ಎಂದು ಮಾಸ್ತರರ ಕೈ ಹಿಡಿದು ಎಳೆದೆ. ಅವರು ಏಳಲಿಲ್ಲ.

‘ಇವತ್ತ ಬಿಟ್ರ ಇವು ಜಲ್ಮಪೂರ್ತಿ ಆಕಾಶಕ್ಕ ಅಂಜತಾವ್ರಿ.’

‘ಅಂಜಲಿ ಬಿಡ್ರಿ! ಅಂಜಿದವ್ರ ಕಣ್ಣಾರ ಉಳೀತಾವ!’ ನಾನು ಕೂಗಿಯೇ ಬಿಟ್ಟೆ.

‘ನೀವು ಅಂಜಿ ಓಡಿ ಬಂದ್ರಿ, ಖರೆ. ಯಾಕಂದ್ರ ನಿಮಗ ಗೊತ್ತಿತ್ತು. ಇವಕ್ಕೂ ಗೊತ್ತಾಗಲಿ, ಆಮ್ಯಾಲ ಅಂಜಲಿ. ನನ್ನ ಕಣ್ಣಿನ ಸುದ್ದಿ ಈಗ ಹೇಳಬ್ಯಾಡ್ರಿ. ನಾಳಿ ನಾಡದು ನಾನ ಹೇಳತೇನಿ.’

ಬಳೆಗಳನ್ನು ಕಿತ್ತು ಕಿಸೆಗೆ ಹಾಕಿಕೊಂಡೆ. ಒಂದು ಕೊಳವೆಯ ಬಾಯಿಗೆ ಮುಚ್ಚಳ ಹಾಕಿ, ದುರ್ಬೀನನ್ನು ಸೂರ್ಯನ ಕಡೆ ಮಾಡಿ ಕುರ್ಚಿಯ ಬೆನ್ನಿಗೆ ಹಗ್ಗದಿಂದ ಕಟ್ಟಿದೆ. ಅದರ ಕೊರಳಿಗೆ ರಟ್ಟು ಸಿಕ್ಕಿಸಿ ನೆರಳು ಮಾಡಿದೆ. ಯಾವ ಮಗುವೂ ಅದರ ಹತ್ತಿರ ಕಣ್ಣು ತರದಂತೆ ನಾನೇ ಅಡ್ಡ ನಿಂತೆ. ಮಾಸ್ತರರು ಬಿಳಿಯ ಹಾಳೆ ಅಂಟಿಸಿದ ಹಲಗೆಯನ್ನು ಅದರ ಹಿಂದೆ, ಒಂದು ಮಾರಿಗಿಂತ ಹತ್ತಿರದಲ್ಲಿ, ಹಿಡಿದರು. ಅಲುಗಿ ಅಲುಗಿ ಕೊನೆಗೆ ಸೂರ್ಯ ಹಾಳೆಯ ಮೇಲೆ ಬಂದು ಕುಳಿತ, ಜೋಳದ ಸಣ್ಣ ರೊಟ್ಟಿಯಂತೆ ದುಂಡಗೆ. ಮಕ್ಕಳು ಹೋ ಎಂದು ಮುತ್ತಿದರು. ರೊಟ್ಟಿಯ ಮೇಲೆ ಹೊತ್ತಿದ ಚುಕ್ಕೆಗಳ ಹಾಗೆ ಕಲೆಗಳು ಕಂಡವು.

‘ಎಷ್ಟು ಕಲಿ ಕಾಣತಾವ? ಎಣಿಸಿ ಹೇಳ್ರಿ ನೋಡೂಣು’ ಎಂದರು ಮಾಸ್ತರರು.

‘ನಾಕು ಅದಾವ್ರಿ!’

‘ಇಲ್ರಿ ಸರ್, ಐದ್ರಿ, ಅಂಚಿಗಿ ಸಣ್ಣದೊಂದೈತ್ರಿ!’ ಎರಡು ಜಡೆಯ ಹುಡುಗಿ ಬೆರಳಿಟ್ಟು ತೋರಿಸಿದಳು.

ಅಂಜಿಕೆ ಎಲ್ಲಿ ಹೋಯಿತೋ, ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಎಣಿಸುತ್ತಿದ್ದರು. ಆ ಗದ್ದಲದಲ್ಲಿ ಮಾಸ್ತರರು ಯಾರಿಗೂ ಕಾಣದಂತೆ ಎಡಗಣ್ಣಿನ ಮೇಲೆ ಅಂಗೈ ಇಟ್ಟು, ಬಲಗಣ್ಣಿನಿಂದ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಮಕ್ಕಳಿಗೆ ಕೇಳದ ಹಾಗೆ ಹೇಳಿದರು:

‘ನನಗ ಒಂದ ಕಲಿ ಕಾಣತೈತ್ರಿ ಈರಣ್ಣಾರ. ಸೂರ್ಯಾನಷ್ಟ ಐತಿ.’